ಬಳ್ಳಾರಿ ಜಾಲಿ, ಎರೆಮಣ್ಣು, ಎದುರುಗಾಳಿ: ದೂರ ಸವಾರಿಗೆ ಸೈಕಲ್ ಸಜ್ಜು ಮಾಡುವ ಬಗೆ

ದೂರ ಸವಾರಿಗೆ ಸೈಕಲ್ ಕೊಳ್ಳುವವರು ಸಾಮಾನ್ಯವಾಗಿ ಫ್ರೇಮಿನಿಂದ ಶುರು ಮಾಡಿ ಬಣ್ಣದ ಹತ್ತಿರ ಮುಗಿಸುತ್ತಾರೆ. ಬಳ್ಳಾರಿ, ಕೊಪ್ಪಳ, ರಾಯಚೂರು ಸೀಮೆಯಲ್ಲಿ ಟೈರಿನಿಂದ ಶುರು ಮಾಡಬೇಕು. ಇಲ್ಲಿ ಸವಾರಿ ನಿಲ್ಲಿಸುವುದು ಗುಡ್ಡವಲ್ಲ, ಮುಳ್ಳು. ಅದರ ಹಿಂದೆ ಎರೆಮಣ್ಣು, ಬಿಸಿಲು, ಪಡುವಣ ಗಾಳಿ. ಯಾವ ಭಾಗ ಆರಿಸುವಾಗಲೂ ಒಂದೇ ಪ್ರಶ್ನೆ ಕೇಳಿಕೊಳ್ಳಿ: ಇದು ಮಸ್ಕಿಗೂ ಲಿಂಗಸುಗೂರಿಗೂ ನಡುವೆ ಕೆಟ್ಟರೆ ಮುಂದಿನ ಊರಿನ ಸೈಕಲ್ ಅಂಗಡಿಯಲ್ಲಿ ಏನು ಸಿಗುತ್ತದೆ? ಈ ಪ್ರಶ್ನೆಗೆ ಉತ್ತರ ಇಲ್ಲದ ಭಾಗ ಎಷ್ಟೇ ಹಗುರವಾಗಿರಲಿ, ಎಷ್ಟೇ ದುಬಾರಿಯಾಗಿರಲಿ, ಬಿಟ್ಟುಬಿಡಿ.

ಮೊದಲು ಟೈರು

ಇಲ್ಲಿ ಎರಡು ಬಗೆಯ ಮುಳ್ಳುಗಳನ್ನು ಬೇರೆಬೇರೆಯಾಗಿ ನೋಡಬೇಕು. ಒಂದು ನೆಗ್ಗಿಲು ಮುಳ್ಳು. ರಸ್ತೆ ಬದಿ ನೆಲಕ್ಕೆ ಹಬ್ಬುವ ಬಳ್ಳಿಯದು. ಕಾಯಿ ಚಿಕ್ಕದು, ಮುಳ್ಳು ಕೆಲವೇ ಮಿಲಿಮೀಟರ್, ಆದರೆ ಹೇಗೆ ಬಿದ್ದರೂ ಒಂದು ಮೊನೆ ಮೇಲಕ್ಕೇ ಇರುತ್ತದೆ. ಇನ್ನೊಂದು ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಗಿಡಕ್ಕೆ ಕನ್ನಡದಲ್ಲಿ ನಮ್ಮ ಊರಿನ ಹೆಸರೇ ಅಂಟಿದೆ. ಕಾಲುವೆ ದಂಡೆ, ಕೆರೆ ಅಂಗಳ, ಬೀಳು ಹೊಲ ಎಲ್ಲೆಲ್ಲೂ ಅದೇ. ಅದರ ಮುಳ್ಳು ಐದು ಸೆಂಟಿಮೀಟರ್ ತನಕ ಬೆಳೆಯುತ್ತದೆ, ಒಣಗಿದ ಮೇಲೆ ಮೊಳೆಯಷ್ಟೇ ಗಟ್ಟಿ. ಸೌದೆ ಹೊರೆ ಸಾಗಿದ ರಸ್ತೆಯಲ್ಲಿ ಟೊಂಗೆಯ ತುಂಡು ಬಿದ್ದಿರುವುದು ಸಾಮಾನ್ಯ.

ನೆಗ್ಗಿಲನ್ನು ದಪ್ಪ ಟೈರು ತಡೆಯುತ್ತದೆ. ಶ್ವಾಲ್ಬೆ ಮ್ಯಾರಥಾನ್ ಪ್ಲಸ್ ತರಹದ ಟೈರಿನಲ್ಲಿ ಮೇಲಿನ ರಬ್ಬರಿನ ಕೆಳಗೆ 5 ಮಿ.ಮೀ. ದಪ್ಪದ ಮೆತ್ತನೆಯ ಪದರ ಇರುತ್ತದೆ. ಚಿಕ್ಕ ಮುಳ್ಳಿನ ಮೊನೆ ಟ್ಯೂಬಿನವರೆಗೆ ತಲುಪುವುದೇ ಇಲ್ಲ. ತೂಕ ಹೆಚ್ಚು, ಓಟ ಸ್ವಲ್ಪ ಮಂದ. ಜಾಲಿ ಮುಳ್ಳನ್ನು ಮಾತ್ರ ಯಾವ ಟೈರೂ ಪೂರ್ತಿ ತಡೆಯದು. ಅದಕ್ಕೆ ಮದ್ದು ಒಳಗಿನಿಂದ, ಅಂದರೆ ತೂತಿನಲ್ಲಿ ಗಟ್ಟಿಯಾಗಿ ಅದನ್ನು ಮುಚ್ಚುವ ಸೀಲಂಟ್ ದ್ರವ. ಹಾಗಾಗಿ ದಾರಿ ಎರಡು.

ಒಂದು, 38ರಿಂದ 42 ಮಿ.ಮೀ. ಅಗಲದ ದಪ್ಪ ಟೈರು, ಒಳಗೆ ಸಾದಾ ಟ್ಯೂಬು. ಎರಡು, ಟ್ಯೂಬ್‌ಲೆಸ್: ಅದಕ್ಕೆಂದೇ ಮಾಡಿದ ರಿಮ್ಮು ಮತ್ತು ಟೈರು, ಒಂದು ಗಾಲಿಗೆ 60ರಿಂದ 90 ಮಿ.ಲೀ. ಸೀಲಂಟ್. ಮುಳ್ಳಿನ ಸೀಮೆಗೆ ಟ್ಯೂಬ್‌ಲೆಸ್ ನಿಜಕ್ಕೂ ಒಳ್ಳೆಯದು. ಹತ್ತು ತೂತು ಬಿದ್ದರೂ ತಾನೇ ಮುಚ್ಚಿಕೊಳ್ಳುತ್ತದೆ. ಆದರೆ ನಮ್ಮ ಬಿಸಿಲಿಗೆ ಸೀಲಂಟ್ ಬೇಗ ಒಣಗಿ ರಬ್ಬರ್ ಚಕ್ಕೆಯಾಗುತ್ತದೆ. ತಂಪು ದೇಶದವರು ಹೇಳುವ ಆರು ತಿಂಗಳ ಲೆಕ್ಕ ನಂಬಬೇಡಿ. ಮಾರ್ಚ್‌ನಿಂದ ಮೇ ತನಕ ಆರು ವಾರಕ್ಕೊಮ್ಮೆ ವಾಲ್ ತೆಗೆದು ಕಡ್ಡಿ ಇಳಿಬಿಟ್ಟು ನೋಡಿ. ತುದಿ ಒದ್ದೆಯಾಗದಿದ್ದರೆ 40 ಮಿ.ಲೀ. ಸೇರಿಸಿ. ಈ ಶಿಸ್ತು ಆಗದು ಎನ್ನುವವರಿಗೆ ದಪ್ಪ ಟೈರು, ಸಾದಾ ಟ್ಯೂಬೇ ಸರಿ. ಟ್ಯೂಬ್‌ಲೆಸ್ ಹಾಕಿದವರೂ ಒಂದು ಟ್ಯೂಬು ಒಯ್ಯಲೇಬೇಕು. ಅದನ್ನು ಟೈರಿಗೆ ಹಾಕುವ ಮೊದಲು ಒಳಗೆಲ್ಲ ಕೈಯಾಡಿಸಿ ಚುಚ್ಚಿಕೊಂಡ ಮುಳ್ಳುಗಳನ್ನೆಲ್ಲ ಕೀಳಬೇಕು, ಇಲ್ಲವಾದರೆ ಹೊಸ ಟ್ಯೂಬು ನೂರು ಮೀಟರ್ ಕೂಡ ಹೋಗದು.

ಗಾಳಿಯ ಲೆಕ್ಕ: ಸವಾರ 75 ಕೆ.ಜಿ., ಸಾಮಾನು 15 ಕೆ.ಜಿ., ಟೈರು 40 ಮಿ.ಮೀ. ಇದ್ದರೆ ಹಿಂದೆ 50ರಿಂದ 55 ಪಿಎಸ್ಐ, ಮುಂದೆ 42ರಿಂದ 45. ಬಿಸಿಲಿಗೆ ಟೈರು ಸಿಡಿಯುತ್ತದೆ ಎಂದು ಅರ್ಧ ಗಾಳಿ ಬಿಡುವವರಿದ್ದಾರೆ, ಅದು ತಪ್ಪು. ಬೆಳಗಿನ 30 ಡಿಗ್ರಿಯಲ್ಲಿ 55 ತುಂಬಿದ ಟೈರು ಮಧ್ಯಾಹ್ನದ ಡಾಂಬರಿನ ಮೇಲೆ 60 ಡಿಗ್ರಿಗೆ ಕಾದರೂ ಒತ್ತಡ ಏರುವುದು ಸುಮಾರು 7 ಪಿಎಸ್ಐ ಮಾತ್ರ. ಗಾಳಿ ಕಡಿಮೆ ಮಾಡಿದರೆ ಗುಂಡಿಯಲ್ಲಿ ಟ್ಯೂಬು ರಿಮ್ಮಿಗೂ ನೆಲಕ್ಕೂ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ. ಬಿಸಿಲಿಗೆ ನಿಜವಾಗಿ ಸೋಲುವುದು ಸಲ್ಯೂಷನ್ ಬೇಡದ, ತಾನೇ ಅಂಟುವ ಪ್ಯಾಚು. ಏಪ್ರಿಲ್ ಬಿಸಿಗೆ ಅದರ ಅಂಟು ಮೆತ್ತಗಾಗಿ ಅಂಚಿನಿಂದ ಗಾಳಿ ಸೋರುತ್ತದೆ. ಉಜ್ಜಿ, ಸಲ್ಯೂಷನ್ ಹಚ್ಚಿ, ಐದು ನಿಮಿಷ ಒಣಗಿಸಿ ಅಂಟಿಸುವ ಹಳೆಯ ಪ್ಯಾಚೇ ಗಟ್ಟಿ.

ವಾಲ್ ತೂತಿನ ಅಳತೆ

ಇದು ಚಿಕ್ಕ ವಿಷಯ. ಅಂಗಡಿಯವರು ಹೇಳುವುದಿಲ್ಲ, ಕೊಳ್ಳುವವರೂ ಕೇಳುವುದಿಲ್ಲ. ಆದರೆ ಊರಿನ ಅಂಗಡಿಯ ಟ್ಯೂಬು ನಿಮಗೆ ಉಪಯೋಗಕ್ಕೆ ಬರುತ್ತದೋ ಇಲ್ಲವೋ ಎಂಬುದನ್ನು ಇದೇ ನಿರ್ಧರಿಸುತ್ತದೆ.

ಪ್ರೆಸ್ಟಾ ಎನ್ನುವ ಸಣ್ಣ ವಾಲಿಗೆ ರಿಮ್ಮಿನ ತೂತು ಸುಮಾರು 6.5 ಮಿ.ಮೀ. ಬೈಕಿನ ಟ್ಯೂಬಿಗೆ ಇರುವಂಥ ಶ್ರೇಡರ್ ವಾಲಿಗೆ 8.5 ಮಿ.ಮೀ. ಹಳೆಯ ಕರಿ ಸೈಕಲ್ಲಿನ, ಒಳಗೆ ವಾಲ್‌ಟ್ಯೂಬ್ ಇರುವ ಡನ್‌ಲಪ್ ವಾಲೂ ಈ 8.5ರ ತೂತಿಗೇ ಕೂರುತ್ತದೆ. ಆದ್ದರಿಂದ ರಿಮ್ಮು ಕೊಳ್ಳುವಾಗ 8.5ರ ತೂತಿನದನ್ನೇ ಕೇಳಿ. ಪ್ರೆಸ್ಟಾ ಟ್ಯೂಬು ಬಳಸುವಾಗ ತೂತಿಗೆ ಒಂದು ರಬ್ಬರ್ ಬುಶ್ ಹಾಕಿದರೆ ಆಯಿತು. ತೂತು 6.5 ಇದ್ದರೆ ಸಿರವಾರದ ಅಂಗಡಿಯಲ್ಲಿ ನೂರು ಟ್ಯೂಬು ನೇತಾಡುತ್ತಿದ್ದರೂ ಒಂದೂ ನಿಮ್ಮ ರಿಮ್ಮಿಗೆ ಇಳಿಯದು.

ಇನ್ನು ಗಾತ್ರ. ದೂರ ಸವಾರಿಗೆ ಹೆಚ್ಚಾಗಿ ಬಳಸುವ 700ಸಿ ರಿಮ್ಮಿನ ವ್ಯಾಸ 622 ಮಿ.ಮೀ. ನಮ್ಮ ಸಾದಾ 28 ಇಂಚಿನ ಸೈಕಲ್ಲಿನದು 635. ಟೈರು ಅದಲುಬದಲಾಗದು, ಆದರೆ 28 × 1½ ಟ್ಯೂಬನ್ನು 40 ಮಿ.ಮೀ. ಅಗಲದ 700ಸಿ ಟೈರಿನೊಳಗೆ ತುರ್ತಿಗೆ ಹಾಕಬಹುದು. ಸ್ವಲ್ಪ ಗಾಳಿ ಊದಿ, ಸುತ್ತಲೂ ಮಡಿಕೆ ಬೀಳದಂತೆ ಕೂರಿಸಿ. ಹಳೆಯ ಮೌಂಟನ್ ಸೈಕಲ್ಲಿನ 26 ಇಂಚು, ಅಂದರೆ 559 ಮಿ.ಮೀ. ರಿಮ್ಮು, ಇದಕ್ಕಿಂತಲೂ ನೆಮ್ಮದಿ. ಅದರ ಟೈರೂ ಟ್ಯೂಬೂ ತಾಲ್ಲೂಕು ಊರುಗಳಲ್ಲೂ ಸಿಗುತ್ತವೆ. ಮನೆಯಲ್ಲಿ ಗಟ್ಟಿ ಸ್ಟೀಲಿನ, ಸಸ್ಪೆನ್ಷನ್ ಇಲ್ಲದ 26 ಇಂಚಿನ ಸೈಕಲ್ ಮೂಲೆಯಲ್ಲಿದ್ದರೆ ಹೊಸದು ಕೊಳ್ಳುವ ಮೊದಲು ಅದರತ್ತ ಒಮ್ಮೆ ನೋಡಿ.

ಗಾಲಿ, ಕಡ್ಡಿ, ಅಚ್ಚು

ಸಾಮಾನು ಹೊತ್ತ ಸೈಕಲ್ಲಿನಲ್ಲಿ ಮೊದಲು ಮುರಿಯುವುದು ಹಿಂದಿನ ಗಾಲಿಯ ಚೈನು ಬದಿಯ ಕಡ್ಡಿ (ಸ್ಪೋಕ್). ಆ ಬದಿಯಲ್ಲಿ ಹಿಂದಿನ ಗೇರುಗಳ ಗೊಂಚಲಿಗೆ, ಅಂದರೆ ಕ್ಯಾಸೆಟ್‌ಗೆ ಜಾಗ ಬಿಡಬೇಕಾದ್ದರಿಂದ ಕಡ್ಡಿಗಳು ಹೆಚ್ಚು ನೆಟ್ಟಗೆ, ಹೆಚ್ಚು ಬಿಗಿಯಾಗಿ ಇರುತ್ತವೆ. ಹಿಂದೆ 36, ಮುಂದೆ 32 ಕಡ್ಡಿ ಇರಲಿ. ನಡುವೆ 1.8, ತುದಿಗಳಲ್ಲಿ 2 ಮಿ.ಮೀ. ಇರುವ ಸ್ಟೇನ್‌ಲೆಸ್ ಕಡ್ಡಿ ಸಾದಾ ಒಂದೇ ದಪ್ಪದ ಕಡ್ಡಿಗಿಂತ ಬಾಳಿಕೆ ಬರುತ್ತದೆ. ನಡುಭಾಗ ತುಸು ಹಿಗ್ಗುವುದರಿಂದ ಬಗ್ಗಿದ ಕತ್ತಿನ ಮೇಲೆ ಪೆಟ್ಟು ಕಡಿಮೆ. ರಿಮ್ಮಿನ ಒಳ ಅಗಲ 19ರಿಂದ 23 ಮಿ.ಮೀ. ಸಾಕು.

ಕಡ್ಡಿ ಮುರಿಯುವುದು ಬಿಗಿ ಹೆಚ್ಚಾಗಿ ಎಂದು ಹಲವರ ನಂಬಿಕೆ. ಸಡಿಲವಾಗಿದ್ದಾಗಲೇ ಹೆಚ್ಚು ಮುರಿಯುತ್ತದೆ. ಗಾಲಿ ಉರುಳುವಾಗ ಸಡಿಲ ಕಡ್ಡಿ ಪ್ರತಿ ಸುತ್ತಿಗೂ ಒಮ್ಮೆ ಜೋತು ಒಮ್ಮೆ ಎಳೆದು, ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿ ಮುರಿದಂತೆ ಕತ್ತಿನಲ್ಲಿ ದಣಿದು ಮುರಿಯುತ್ತದೆ. ಹೊಸ ಗಾಲಿ ಬಂದ ದಿನವೇ ಒಂದೊಂದು ಕಡ್ಡಿಯನ್ನು ಬೆರಳಿಂದ ಮೀಟಿ. ಒಂದೇ ಬದಿಯ ಕಡ್ಡಿಗಳೆಲ್ಲ ಹೆಚ್ಚು ಕಡಿಮೆ ಒಂದೇ ಸ್ವರ ಕೊಡಬೇಕು. ಮಂಕು ಸದ್ದು ಬಂದದ್ದನ್ನು ಕಾಲು ಸುತ್ತು ಬಿಗಿ ಮಾಡಿ, ಅಕ್ಕಪಕ್ಕದ್ದನ್ನು ನೋಡಿಕೊಂಡು ಡೊಂಕು ತೆಗೆಯಿರಿ. ಆಮೇಲೆ ಸಮಾನಾಂತರ ಕಡ್ಡಿಗಳನ್ನು ಜೋಡಿಜೋಡಿಯಾಗಿ ಹಿಡಿದು ಗಟ್ಟಿಯಾಗಿ ಹಿಂಡಿ. ಟಿಕ್ ಟಿಕ್ ಎಂದು ಸದ್ದಾಗಿ ಅವು ಜಾಗಕ್ಕೆ ಕೂರುತ್ತವೆ. ಮತ್ತೆ ಡೊಂಕು ನೋಡಿ.

ಅಗ್ಗದ ಗೇರ್ ಸೈಕಲ್ ಕೊಂಡು ಕ್ಯಾರಿಯರ್ ಹಾಕಿ ಹೊರಡುವವರು ಎಡವುವುದು ಅಚ್ಚಿನಲ್ಲಿ. ಆ ಸೈಕಲ್‌ಗಳಲ್ಲಿ ತಿರುಪಿ ಕೂರಿಸುವ ಫ್ರೀವೀಲ್ ಇರುತ್ತದೆ. ಅದರಲ್ಲಿ ಬಲಬದಿಯ ಬೇರಿಂಗು ಗೇರುಗಳ ಒಳಗಡೆ ಉಳಿದು, ಹೊರಗಿನ ಉದ್ದ ಅಚ್ಚಿಗೆ ಆಧಾರವೇ ಇರುವುದಿಲ್ಲ. ಭಾರ ಹೇರಿ ಗುಂಡಿಗೆ ಇಳಿಸಿದರೆ ಅಚ್ಚು ಬಗ್ಗುತ್ತದೆ, ಕೊನೆಗೆ ತುಂಡಾಗುತ್ತದೆ. ಫ್ರೀಹಬ್ ಇರುವ, ಕ್ಯಾಸೆಟ್ ಕೂರುವ ಹಬ್ಬಿನಲ್ಲಿ, ಅಂದರೆ ಗಾಲಿಯ ನಡುಭಾಗದಲ್ಲಿ, ಬೇರಿಂಗು ಹೊರತುದಿಯ ಹತ್ತಿರ ಇರುವುದರಿಂದ ಈ ಕಾಟ ಇಲ್ಲ. ಹಣ ಒಂದೇ ಕಡೆ ಹಾಕಬೇಕೆಂದರೆ ಇಲ್ಲಿ ಹಾಕಿ.

ಹಬ್ಬಿನಲ್ಲಿ ಕೋನು–ಗುಂಡಿನ ಬಗೆಯನ್ನೇ ಆರಿಸಿ. ಶಿಮಾನೊ ಹಬ್ಬುಗಳಲ್ಲಿ ಹಿಂದೆ ಕಾಲು ಇಂಚಿನ ಗುಂಡು ಬದಿಗೆ 9, ಮುಂದೆ 3/16 ಇಂಚಿನದು ಬದಿಗೆ 10. ಈ ಗುಂಡು ಯಾವ ಸೈಕಲ್ ಅಂಗಡಿಯಲ್ಲೂ ಸಿಗುತ್ತದೆ, ಬಿಚ್ಚಿ ಗ್ರೀಸ್ ತುಂಬಲು ಬರುವ ಕೈಯೂ ಎಲ್ಲ ಊರಲ್ಲಿದೆ.

ಗೇರು: ಗುಡ್ಡಕ್ಕಿಂತ ಗಾಳಿಗೆ

ಸಂಡೂರಿನ ಗುಡ್ಡ ಬಿಟ್ಟರೆ ಈ ಸೀಮೆಯಲ್ಲಿ ದೊಡ್ಡ ಏರು ಕಡಿಮೆ. ಹಾಗೆಂದು ದೊಡ್ಡ ಗೇರು ಸಾಕು ಎಂದುಕೊಂಡರೆ ಜೂನ್‌ನಿಂದ ಆಗಸ್ಟ್ ತನಕದ ಪಡುವಣ ಗಾಳಿ ಪಾಠ ಕಲಿಸುತ್ತದೆ. ಆ ತಿಂಗಳುಗಳಲ್ಲಿ ರಾಯಚೂರಿನಿಂದ ಕೊಪ್ಪಳದ ಕಡೆಗೆ ಹೊರಟರೆ ಇಡೀ ದಿನ ಮುಖಕ್ಕೆ ಗಾಳಿ. ಗುಡ್ಡಕ್ಕಾದರೂ ತುದಿ ಇದೆ. ದಾರಿ ತಿರುಗಿಸಿ ಕೊಪ್ಪಳದಿಂದ ರಾಯಚೂರಿಗೆ ಹೋದರೆ ಅದೇ ಗಾಳಿ ಬೆನ್ನಿಗೆ. ಭಾಗ ಕೊಳ್ಳುವ ಮೊದಲು ಬಿಟ್ಟಿ ಸಿಗುವ ಉಪಾಯ ಇದು.

ಗಾಳಿಗೆ ಬೇಕಾದದ್ದು ತೀರಾ ಸಣ್ಣ ಗೇರಲ್ಲ, ಹತ್ತಿರಹತ್ತಿರದ ಗೇರು. ಏಳು ಗೇರಿನ 14–34 ಫ್ರೀವೀಲ್‌ನಲ್ಲಿ ಹಲ್ಲುಗಳ ಲೆಕ್ಕ 14, 16, 18, 20, 22, 24, ಆಮೇಲೆ ಒಮ್ಮೆಲೇ 34. ಕೊನೆಯ ಜಿಗಿತ ನೂರಕ್ಕೆ 40ರ ಮೇಲೆ; 24 ಭಾರವಾಯಿತೆಂದು ಇಳಿಸಿದರೆ ಕಾಲು ಬರೀ ಗಿರಗಿರ ತಿರುಗುತ್ತದೆ, ಸೈಕಲ್ ಸಾಗದು. ಒಂಬತ್ತು ಗೇರಿನ 11–34 ಕ್ಯಾಸೆಟ್‌ನಲ್ಲಿ ಕೊನೆಯ ಹೆಜ್ಜೆಗಳು 23, 26, 30, 34. ಒಂದೊಂದೂ ನೂರಕ್ಕೆ 13ರಿಂದ 15.

ಮುಂದೆ 46 ಮತ್ತು 30 ಹಲ್ಲಿನ ಎರಡು ಚೈನ್‌ವೀಲ್ ಅಥವಾ 48–36–26ರ ಮೂರು. ಗೇರು ಎಷ್ಟು ಹಗುರ ಎಂದು ನೋಡುವ ಲೆಕ್ಕ ಸುಲಭ: ಮುಂದಿನ ಹಲ್ಲನ್ನು ಹಿಂದಿನದರಿಂದ ಭಾಗಿಸಿ ಗಾಲಿಯ ವ್ಯಾಸದಿಂದ ಗುಣಿಸಿ. ಉತ್ತರ ಕಡಿಮೆಯಾದಷ್ಟೂ ತುಳಿತ ಹಗುರ. 700 × 40ರ ಗಾಲಿ ಸುಮಾರು 27.5 ಇಂಚು. 30 ಭಾಗ 34, ಗುಣ 27.5, ಅಂದರೆ 24 ಇಂಚು. ನಿಮಿಷಕ್ಕೆ 60 ಸುತ್ತು ತುಳಿದರೆ ಗಂಟೆಗೆ 7 ಕಿ.ಮೀ. ಸಾಮಾನು ಹೊತ್ತು ಸಂಡೂರಿನ ಏರು ಹತ್ತಲು ಇದು ಸಾಕು. ಟೆಂಟು, ಅಡುಗೆ ಸಾಮಾನು ಎಲ್ಲ ಒಯ್ದು ಪಶ್ಚಿಮ ಘಟ್ಟದ ಕಡೆಗೂ ಹೋಗುವವರು ಮೂರು ಚೈನ್‌ವೀಲ್ ಆರಿಸಿ. 26ಕ್ಕೆ 34 ಹಾಕಿದರೆ 21 ಇಂಚಿಗೆ ಇಳಿಯುತ್ತದೆ. ರೇಸ್ ಸೈಕಲ್ಲಿನ 50–34 ಚೈನ್‌ವೀಲ್ ಸಾಮಾನು ಸವಾರಿಗೆ ಬೇಡ.

ಒಂಬತ್ತೇ ಏಕೆ? ಶಿಮಾನೊದಲ್ಲಿ ಒಂಬತ್ತು ಗೇರಿನ ತನಕ ರಸ್ತೆ ಸೈಕಲ್ಲಿನ ಶಿಫ್ಟರ್ (ಗೇರು ಬದಲಿಸುವ ಹಿಡಿ) ಮೌಂಟನ್ ಸೈಕಲ್ಲಿನ ಹಿಂದಿನ ಡೀರೇಲರನ್ನು (ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಭಾಗ) ಸರಿಯಾಗಿ ಎಳೆಯುತ್ತದೆ, ಹತ್ತರಿಂದ ಮುಂದೆ ಈ ಹೊಂದಾಣಿಕೆ ಇಲ್ಲ. ಹನ್ನೊಂದು, ಹನ್ನೆರಡರ ಚೈನು ತೆಳ್ಳಗಿದ್ದು ಬೇಗ ಸವೆಯುತ್ತದೆ, ಇಲ್ಲಿ ಸಿಗುವುದೂ ಕಷ್ಟ. ಎಂಟು ಗೇರಾದರೂ ಸರಿಯೇ. ಪೆಡಲ್ ತೋಳುಗಳು ಸುತ್ತುವ ನಡುವಿನ ಅಚ್ಚಿಗೆ, ಅಂದರೆ ಕ್ರ್ಯಾಂಕ್ ಅಚ್ಚಿಗೆ, ಚೌಕ ತುದಿಯ, ಮುಚ್ಚಿದ ಕಾರ್ಟ್ರಿಜ್ ಬಾಟಮ್ ಬ್ರಾಕೆಟ್ ಹಾಕಿಸಿ ಮರೆತುಬಿಡಿ.

ಎರೆಮಣ್ಣಿನ ಮಾತು

ಒಣಗಿದಾಗ ಎರೆ ಹೊಲದ ದಾರಿ ಡಾಂಬರಿನಷ್ಟೇ ಚೆನ್ನ. ಒಂದು ಮಳೆ ಬಿದ್ದರೆ ಐವತ್ತು ಹೆಜ್ಜೆಗೆ ಗಾಲಿ ರೊಟ್ಟಿ ಹಿಟ್ಟಿನಂತೆ ಮಣ್ಣು ಸುತ್ತಿಕೊಂಡು ಫೋರ್ಕಿನಲ್ಲಿ ಕಚ್ಚಿ ನಿಲ್ಲುತ್ತದೆ. ಬಲ ಹಾಕಿ ತುಳಿದರೆ ಡೀರೇಲರ್ ತಿರುಚಿ ಕಡ್ಡಿಗಳ ನಡುವೆ ಹೋಗುತ್ತದೆ. ಈ ಸೀಮೆಯಲ್ಲಿ ಡೀರೇಲರನ್ನು ಫ್ರೇಮಿಗೆ ಹಿಡಿಯುವ ಹ್ಯಾಂಗರ್ ಮುರಿಯಲು ಇದಕ್ಕಿಂತ ಸಲೀಸಾದ ದಾರಿ ಇನ್ನೊಂದಿಲ್ಲ. ನಿಮ್ಮ ಫ್ರೇಮಿಗೆ ಹೊಂದುವ ಹ್ಯಾಂಗರ್ ಒಂದು ಚೀಲದಲ್ಲಿರಲಿ, ಬೇರೆ ಫ್ರೇಮಿನದು ಆಗಿಬರುವುದಿಲ್ಲ.

ಆದ್ದರಿಂದ ಫ್ರೇಮು ನೋಡುವಾಗ ಟೈರಿನ ಎರಡೂ ಬದಿಗೆ ಕನಿಷ್ಠ 8 ಮಿ.ಮೀ., ಮೇಲೆ 15 ಮಿ.ಮೀ. ಖಾಲಿ ಇದೆಯೇ ಅಳೆಯಿರಿ. ಮಡ್ಗಾರ್ಡ್ ಟೈರಿಗಿಂತ 10 ಮಿ.ಮೀ.ಗೂ ಹೆಚ್ಚು ಅಗಲ ಇರಲಿ, 40ರ ಟೈರಿಗೆ 52 ಮಿ.ಮೀ. ಸರಿ. ಡಾಂಬರು ದಾರಿಗೆ ಮಡ್ಗಾರ್ಡ್ ಬೇಕೇ ಬೇಕು, ಅದರಲ್ಲೂ ಸಿಂಧನೂರು, ಗಂಗಾವತಿ, ಸಿರುಗುಪ್ಪದ ಗದ್ದೆ ಬಯಲಿನಲ್ಲಿ ಟ್ರ್ಯಾಕ್ಟರು ರಸ್ತೆಗೆ ಎಳೆದು ತರುವ ಕೆಸರಿಗೆ. ಆದರೆ ಮಳೆಗಾಲದಲ್ಲಿ ಹೊಲದ ದಾರಿ ಹಿಡಿಯುವುದು ಖಚಿತವಾಗಿದ್ದರೆ ಮನೆಯಲ್ಲೇ ಬಿಚ್ಚಿಡಿ. ಮಣ್ಣು ಕಚ್ಚಿದರೆ ತಳ್ಳಬೇಡಿ. ಇಳಿದು ಸೈಕಲ್ ಎತ್ತಿ ಬದುವಿನ ಹುಲ್ಲಿಗೆ ಬನ್ನಿ, ಜೋಳದ ದಂಟಿನಿಂದಲೋ ಕಡ್ಡಿಯಿಂದಲೋ ಕೆರೆದು ತೆಗೆಯಿರಿ. ಒಣಗಲು ಬಿಟ್ಟರೆ ಇಟ್ಟಿಗೆಯಾಗುತ್ತದೆ.

ಬ್ರೇಕಿನ ಆಯ್ಕೆಯೂ ಇಲ್ಲೇ ತೀರ್ಮಾನವಾಗುತ್ತದೆ. ರಿಮ್ಮು ಹಿಡಿಯುವ ವಿ-ಬ್ರೇಕ್ ಒಣ ದಾರಿಗೆ ಸಾಕಷ್ಟು ಒಳ್ಳೆಯದು, ಎಲ್ಲಿಯೂ ರಿಪೇರಿಯಾಗುತ್ತದೆ. ಎರೆಮಣ್ಣಿಗೆ ಮಾತ್ರ ಅದರ ತೋಳುಗಳೇ ಕೆಸರಿನ ಬುಟ್ಟಿ. ಕೇಬಲ್ಲಿನಿಂದ ಎಳೆಯುವ ಡಿಸ್ಕ್ ಬ್ರೇಕು, 160 ಮಿ.ಮೀ. ರೋಟರು, ಒಂದು ಜೊತೆ ಹೆಚ್ಚುವರಿ ಪ್ಯಾಡು: ಈ ಸೀಮೆಗೆ ಇದು ಹದವಾದದ್ದು. ಎಣ್ಣೆ ಒತ್ತಡದ ಡಿಸ್ಕು ಹಿಡಿತದಲ್ಲಿ ಮೇಲು, ಆದರೆ ನಳಿಕೆ ಸೋರಿದರೆ ದಾರಿಯಲ್ಲಿ ಮಾಡುವುದು ಏನೂ ಇಲ್ಲ.

ಫ್ರೇಮು, ಸೀಟು, ಹ್ಯಾಂಡಲ್

ಸ್ಟೀಲ್ ಫ್ರೇಮು ಮುರಿದರೆ ಯಾವ ಹಳ್ಳಿಯಲ್ಲೂ ವೆಲ್ಡಿಂಗ್ ಮಾಡಿಸಬಹುದು ಎಂಬ ಮಾತು ಅರ್ಧ ಸತ್ಯ. ತೆಳು ಕ್ರೋಮೊಲಿ ಕೊಳವೆಗೆ ಟ್ರ್ಯಾಕ್ಟರ್ ಟ್ರೇಲರಿನ ಆರ್ಕ್ ವೆಲ್ಡಿಂಗ್ ಹಿಡಿದರೆ ಕೊಳವೆ ಸುಟ್ಟು ತೂತಾಗುತ್ತದೆ. ಗ್ಯಾಸಿನಲ್ಲಿ ಹಿತ್ತಾಳೆ ಬೆಸುಗೆ ಹಾಕುವವರನ್ನು ಹುಡುಕಬೇಕು. ಸ್ಟೀಲಿನ ಕ್ಯಾರಿಯರನ್ನು ಮಾತ್ರ ನಿಜಕ್ಕೂ ಎಲ್ಲಿಯಾದರೂ ಬೆಸೆಯಬಹುದು. ಫ್ರೇಮಿನಲ್ಲಿ ನೋಡಬೇಕಾದದ್ದು ಬೇರೆ: ಕ್ಯಾರಿಯರಿಗೂ ಮಡ್ಗಾರ್ಡಿಗೂ ಬೇರೆಬೇರೆ ತೂತು, ಬಾಟಲಿಗೆ ಮೂರು ಜಾಗ, ಕ್ರ್ಯಾಂಕ್ ಅಚ್ಚಿನಿಂದ ಹಿಂದಿನ ಗಾಲಿಯ ಅಚ್ಚಿಗೆ 440 ಮಿ.ಮೀ. ಅಥವಾ ಹೆಚ್ಚು ದೂರ. ಅದಕ್ಕಿಂತ ಗಿಡ್ಡವಿದ್ದರೆ ಪ್ರತಿ ತುಳಿತಕ್ಕೂ ಹಿಮ್ಮಡಿ ಚೀಲಕ್ಕೆ ಬಡಿಯುತ್ತದೆ.

ಸೀಟಿನ ಎತ್ತರಕ್ಕೆ ತೊಡೆಸಂದಿನಿಂದ ನೆಲದ ತನಕದ ಅಳತೆಯನ್ನು 0.883ರಿಂದ ಗುಣಿಸಿ, 80 ಸೆಂ.ಮೀ. ಇದ್ದರೆ ಕ್ರ್ಯಾಂಕ್ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈಗೆ 70.6. ಅಲ್ಲಿಂದ ಅರ್ಧರ್ಧ ಸೆಂಟಿಮೀಟರ್ ಸರಿಸಿ ನೋಡಿ. ಮೆತ್ತನೆಯ ಜೆಲ್ ಸೀಟು ಅಂಗಡಿಯಲ್ಲಿ ಹತ್ತು ನಿಮಿಷ ಹಿತ, ಐವತ್ತನೇ ಕಿಲೋಮೀಟರಿಗೆ ಮೂಳೆ ಅದರಲ್ಲಿ ಹೂತು ನಡುಭಾಗ ಒತ್ತುತ್ತದೆ. ಗಟ್ಟಿ ಸೀಟು, ಒಳಗೆ ಪ್ಯಾಡಿನ ಚಡ್ಡಿ. ಗಾಳಿಗೆ ತಗ್ಗಿ ಕೂರಲು ಬಾಗಿದ ಡ್ರಾಪ್ ಹ್ಯಾಂಡಲ್ ಒಳ್ಳೆಯದು. ನೇರ ಹ್ಯಾಂಡಲ್ ಇದ್ದರೆ ಕೈ ಬದಲಿಸಲು ತುದಿಗೆ ಕೊಂಬು ಹಾಕಿಸಿ.

ಹೊರೆ

ಲಾಡ್ಜಿನಲ್ಲಿ ಮಲಗುವವರಿಗೆ 8 ಕೆ.ಜಿ. ಧಾರಾಳ. ಟೆಂಟು ಸೇರಿದರೂ 15 ದಾಟಬಾರದು. ಕ್ಯಾರಿಯರು 25 ಕೆ.ಜಿ. ತಾಳುವಂಥದ್ದಾಗಿರಲಿ. ಅದನ್ನು ಹಿಡಿಯುವ 5 ಮಿ.ಮೀ. ಬೋಲ್ಟುಗಳು ಅದುರಿ ಅದುರಿ ಸಡಿಲಾಗುವುದೇ ಮುಖ್ಯ ತೊಂದರೆ. ಬೋಲ್ಟು ಸಡಿಲಾಗದಂತೆ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್, ಒಂದೊಂದು ಹನಿ ಹಾಕಿ ಬಿಗಿಯಿರಿ, ಅದೇ ಅಳತೆಯ ನಾಲ್ಕು ಬೋಲ್ಟು ಹೆಚ್ಚಿಗೆ ಒಯ್ಯಿರಿ. ಭಾರದ ಸಾಮಾನು ಚೀಲದ ತಳಕ್ಕೆ, ಎರಡು ಬದಿಯೂ ಸಮ. ಮೇಲೆ ಕಟ್ಟಲು ಹಳೆಯ ಟ್ಯೂಬು ಸೀಳಿ ಮಾಡಿದ ರಬ್ಬರ್ ಪಟ್ಟಿಗಿಂತ ಉತ್ತಮವಾದದ್ದು ಇನ್ನೂ ಯಾರೂ ಮಾಡಿಲ್ಲ, ಅದರ ತುದಿ ಕಡ್ಡಿಗೆ ಸಿಗದಂತೆ ನೋಡಿಕೊಂಡರೆ ಸಾಕು.

ನೀರಿಗೆ 750 ಮಿ.ಲೀ.ನ ಮೂರು ಬಾಟಲಿ, ಬೇಸಿಗೆಯಲ್ಲಿ ಇನ್ನೆರಡು ಲೀಟರ್ ಚೀಲದಲ್ಲಿ. 40 ಡಿಗ್ರಿಯಲ್ಲಿ ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್ ಬೇಕು. ಬರೀ ನೀರು ಕುಡಿಯುತ್ತಾ ಹೋದರೆ ಉಪ್ಪು ಇಳಿದು ತಲೆ ತಿರುಗುತ್ತದೆ. ಒಂದು ಲೀಟರಿಗೆ ಒಂದು ಓಆರ್‌ಎಸ್ ಪೊಟ್ಟಣ, ಸಿಕ್ಕಲ್ಲಿ ಉಪ್ಪು ಹಾಕಿದ ಮಜ್ಜಿಗೆ. ಬೋರಿನ ನೀರು ಹಲವೆಡೆ ಸವಳು; ಊರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ತುಂಬಿಕೊಳ್ಳಿ, ಜೇಬಿನಲ್ಲಿ ಚಿಲ್ಲರೆ ನಾಣ್ಯ ಇರಲಿ.

ಧೂಳು, ಕತ್ತಲು

ಸಂಡೂರು–ತೋರಣಗಲ್ಲು ಸುತ್ತ ರಸ್ತೆ ಬದಿಯ ಕೆಂಪು ಧೂಳು ಕಬ್ಬಿಣದ ಅದಿರು. ಎಣ್ಣೆಗೆ ಅಂಟಿದರೆ ಚೈನಿಗೆ ಉಪ್ಪುಕಾಗದ ಸುತ್ತಿದಂತೆ. ಇಂಜಿನ್ ಆಯಿಲ್ ಹಾಕಲೇಬೇಡಿ. ಮೇಣದ ದ್ರವ ಪ್ರತಿ ಕೊಂಡಿಗೆ ಒಂದು ಹನಿ, ಒಣಗಿದ ಮೇಲೆ ಹೊರಗಿನದನ್ನು ಬಟ್ಟೆಯಿಂದ ಒರೆಸಿ, 150 ಕಿ.ಮೀ.ಗೊಮ್ಮೆ ಮತ್ತೆ. ಸವೆತ ನೋಡಲು ಸ್ಕೇಲು ಸಾಕು: ಹೊಸ ಚೈನಿನ ಹನ್ನೆರಡು ಪೂರ್ಣ ಕೊಂಡಿ 304.8 ಮಿ.ಮೀ. ಎಂಟು, ಒಂಬತ್ತು ಗೇರಿನದು 307 ಮುಟ್ಟಿದರೆ ಬದಲಿಸಿ. ತಡ ಮಾಡಿದರೆ ಕ್ಯಾಸೆಟ್ಟೂ ಹೋಗುತ್ತದೆ.

ಅದಿರಿನ ಲಾರಿ, ಭತ್ತ ತುಂಬಿದ ಟ್ರೇಲರು ಹಿಂದಿನಿಂದ ಬರುವ ರಸ್ತೆಗಳಲ್ಲಿ ಹ್ಯಾಂಡಲಿನ ಬಲತುದಿಗೆ ಕನ್ನಡಿ ಹಾಕಿಸಿ. ಹಿಂದಿನ ಕೆಂಪು ದೀಪ ಸೀಟಿನ ಕೆಳಗಿದ್ದರೆ ಚೀಲ ಮರೆ ಮಾಡುತ್ತದೆ. ಕ್ಯಾರಿಯರಿನ ತುದಿಗೆ ಕೂರಿಸಿ, ಇನ್ನೊಂದು ಹೆಲ್ಮೆಟ್ಟಿಗೆ. ಮುಂದಿನ ದೀಪ ದಾರಿ ತೋರುವಷ್ಟಿರಬೇಕು, ಏಕೆಂದರೆ ರಿಫ್ಲೆಕ್ಟರೇ ಇಲ್ಲದ ಚಕ್ಕಡಿ, ರಸ್ತೆ ಮೇಲೆ ಒಣಗಲು ಹಾಕಿದ ರಾಶಿಯ ಸುತ್ತ ಇಟ್ಟ ಕಲ್ಲು ಎರಡೂ ಎದುರಾಗುತ್ತವೆ. ನಿಗದಿತ ಸಮಯದೊಳಗೆ ಮುಗಿಸಬೇಕಾದ 200 ಕಿ.ಮೀ. ಬ್ರೆವೆ ಸವಾರಿಯನ್ನು 13 ಗಂಟೆ 30 ನಿಮಿಷದಲ್ಲಿ ಮುಗಿಸುವ ಲೆಕ್ಕ ಹಾಕಿದವರಿಗೂ ಕತ್ತಲು ತಪ್ಪುವುದಿಲ್ಲ. ರಾತ್ರಿಯಿಡೀ ತುಳಿಯುವವರು 6 ವೋಲ್ಟ್, 3 ವಾಟಿನ ಡೈನಮೊ ಹಬ್ಬು ನೋಡಬಹುದು. ಉಳಿದವರಿಗೆ ಚಾರ್ಜ್ ಆಗುವ ದೀಪ ಸಾಕು. ಪವರ್ ಬ್ಯಾಂಕನ್ನೂ ಗಾಳಿ ತುಂಬುವ ಗ್ಯಾಸ್ ಕಾರ್ಟ್ರಿಜನ್ನೂ ಬಿಸಿಲಿಗೆ ಕಾದ ಚೀಲದ ಮೇಲ್ಭಾಗದಲ್ಲಿ ಇಡಬೇಡಿ.

ಉಪಕರಣದ ಚೀಲ

ಎರಡು ಟ್ಯೂಬು, ಹತ್ತು ಪ್ಯಾಚು, ಸಲ್ಯೂಷನ್ ಚಿಕ್ಕ ಟ್ಯೂಬು ಎರಡು (ತೆರೆದದ್ದು ಬಿಸಿಲಿಗೆ ಒಣಗಿಬಿಡುತ್ತದೆ), ಟೈರು ಸೀಳಿದರೆ ಒಳಗಿಡಲು ಹಳೆಯ ಟೈರಿನ ಅಂಗೈಯಗಲ ತುಂಡು, ಮುಳ್ಳು ಕೀಳುವ ಚಿಮಟ, ಮೂರು ಲಿವರು, ಒಳ್ಳೆಯ ಕೈಪಂಪು. ಅಲೆನ್ ಕೀ ಗೊಂಚಲು, ಚೈನ್ ಕಟರ್, ಎರಡು ಕ್ವಿಕ್ ಲಿಂಕು. 1.2 ಮಿ.ಮೀ.ನ ಗೇರ್ ವೈರು, 1.6ರ ಬ್ರೇಕ್ ವೈರು ಒಂದೊಂದು. ಕಡ್ಡಿ ಮೂರು ಅಳತೆಯಲ್ಲಿ ಬೇಕಾಗಬಹುದು: ಮುಂದಿನದು, ಹಿಂದಿನ ಎಡ, ಹಿಂದಿನ ಬಲ, ಎರಡೆರಡು ನಿಪ್ಪಲ್ ಸಮೇತ ಸೀಟಿನ ಕೊಳವೆಯೊಳಗೆ ಬಟ್ಟೆ ಸುತ್ತಿ ಇಡಿ. ಬಲಬದಿಯ ಕಡ್ಡಿ ಹಾಕಲು ಕ್ಯಾಸೆಟ್ ಬಿಚ್ಚಬೇಕು, ಅದರ ಲಾಕ್‌ರಿಂಗ್ ಕೀ ಹಳ್ಳಿ ಅಂಗಡಿಯಲ್ಲಿ ಇರುವುದಿಲ್ಲ. ನಿಮ್ಮದು ನಿಮ್ಮ ಹತ್ತಿರವೇ ಇರಲಿ. ಅದನ್ನು ತಿರುಗಿಸುವ ದೊಡ್ಡ ಸ್ಪ್ಯಾನರ್ ಮಾತ್ರ ಯಾವ ಟ್ರ್ಯಾಕ್ಟರ್ ಗ್ಯಾರೇಜಿನಲ್ಲೂ ಸಿಗುತ್ತದೆ.

ಹೊರಡುವ ಮುನ್ನ

ಎಲ್ಲ ಸಾಮಾನು ಹೇರಿ ಒಂದು ದಿನದ ಸವಾರಿ ಮಾಡಿ. ಬಳ್ಳಾರಿಯವರಿಗೆ ತೋರಣಗಲ್ಲಿನ ಮೇಲೆ ಸಂಡೂರಿಗೆ ಹೋಗಿ ಬರುವುದು ಹೇಳಿ ಮಾಡಿಸಿದ್ದು. ಬಯಲು, ಏರು, ಲಾರಿ, ಧೂಳು ನಾಲ್ಕೂ ಸಿಗುತ್ತವೆ. ರಾಯಚೂರಿನವರು ಮಾನ್ವಿಯ ಕಡೆಗೆ, ಕೊಪ್ಪಳದವರು ಗಂಗಾವತಿ, ಕನಕಗಿರಿಯ ಕಡೆಗೆ. ಬಂದ ಮೇಲೆ ಕಡ್ಡಿಗಳನ್ನು ಮತ್ತೆ ಮೀಟಿ ನೋಡಿ, ಹೊಸ ಗಾಲಿ ಮೊದಲ ನೂರು ಕಿ.ಮೀ.ಗೆ ತುಸು ಸಡಿಲಾಗುತ್ತದೆ. ಕ್ಯಾರಿಯರ್ ಬೋಲ್ಟು, ಕ್ರ್ಯಾಂಕ್ ಬೋಲ್ಟು ಬಿಗಿಯಿರಿ. ಹೊಸ ಗೇರ್ ವೈರು ಹಿಗ್ಗಿ ಗೇರು ತಡವಾಗಿ ಬೀಳುತ್ತಿದ್ದರೆ ಡೀರೇಲರಿನಲ್ಲಿ ವೈರು ಬಿಗಿ ಮಾಡುವ ಬುಗುಟನ್ನು ಅರ್ಧ ಸುತ್ತು ಹೊರಕ್ಕೆ ತಿರುಗಿಸಿ. ಆಮೇಲೆ ಚೀಲ ಖಾಲಿ ಮಾಡಿ, ಮುಟ್ಟದೆ ವಾಪಸ್ ಬಂದದ್ದನ್ನೆಲ್ಲ ಒಂದು ಕಡೆ ಗುಡ್ಡೆ ಹಾಕಿ. ಅರ್ಧಕ್ಕರ್ಧ ಮನೆಯಲ್ಲೇ ಉಳಿಯಬಹುದು. ಟ್ಯೂಬು, ಪಂಪು, ಕಡ್ಡಿ ಈ ಲೆಕ್ಕಕ್ಕೆ ಸೇರುವುದಿಲ್ಲ.